ಎಲ್ಲರಿಗಿಂತ ಎತ್ತರದ ಹುಡುಗಿ

ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಬಿಸಿಲು ನಮ್ಮ ತರಗತಿಯ ಬಾಗಿಲಿನಿಂದ ನೇರವಾಗಿ ಒಳಗೆ ಬರುತ್ತಿತ್ತು. ವಾರಿಜಾ ಟೀಚರು ಮೂವರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರೆ ಎದುರಿನ ಸುಣ್ಣದ ಗೋಡೆಯ ಮೇಲೆ ಮೂರು ನೆರಳು ಬೀಳುತ್ತಿದ್ದವು. ಮೂರನೆಯದು ನನ್ನದು. ಅದು ಉಳಿದೆರಡನ್ನೂ ಮೀರಿ, ಗೋಡೆಯ ಮೇಲಿನ ಹಲಗೆಗೆ ತಾಗಿ, ಕತ್ತು ಮುರಿದಂತೆ ಬಾಗುತ್ತಿತ್ತು.

"ಲೀಲಾ ಈಸ್ ಟಾಲ್," ಎನ್ನುತ್ತಿದ್ದರು ಟೀಚರು. "ಸುಗುಣಾ ಈಸ್ ಟಾಲರ್." ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಶೀ ಈಸ್ ದ ಟಾಲೆಸ್ಟ್."

ತರಗತಿಯೆಲ್ಲ ಅದನ್ನು ರಾಗವಾಗಿ ಒಪ್ಪಿಸುತ್ತಿತ್ತು. ಪುಸ್ತಕದಲ್ಲಿದ್ದದ್ದು ನಾವು ಯಾರೂ ಕಾಣದ ಬೆಟ್ಟ, ನದಿಗಳ ಹೋಲಿಕೆ. ಅದನ್ನು ಬಿಟ್ಟು ಟೀಚರು ನಮ್ಮನ್ನೇ ಹೋಲಿಸಿ ಕಲಿಸುತ್ತಿದ್ದರು. ಯಾರ ಜಡೆ ಉದ್ದ, ಯಾರದು ಇನ್ನೂ ಉದ್ದ, ಯಾರು ಬೇಗ ಓಡುತ್ತಾರೆ, ಯಾರು ಎಲ್ಲರಿಗಿಂತ ಬೇಗ. ಹಾಗೆ ಕಲಿತದ್ದು ಮರೆಯುವಂತಿರಲಿಲ್ಲ.

ಆದರೆ ನಮ್ಮೂರಿನಲ್ಲಿ ಬೆಳೆಯುವ ಮಕ್ಕಳನ್ನು ಯಾರೂ ಬಾಯಿಬಿಟ್ಟು ಅಳೆಯುತ್ತಿರಲಿಲ್ಲ. ದುಂಡಗಿರುವ ಕೂಸನ್ನು ಕಂಡರೂ "ಏನು ಹೀಗೆ ಸೊರಗಿದೆ" ಎಂದೇ ಕೇಳಬೇಕು. ಇಲ್ಲದಿದ್ದರೆ ದೃಷ್ಟಿಯಾಗುತ್ತದೆ. ಟೀಚರು ಹೊರಗಿನಿಂದ ಬಂದವರು, ಅವರಿಗೆ ಇದು ತಿಳಿಯದು. ನಾವೂ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ದೃಷ್ಟಿ ತಾಗುವುದಿಲ್ಲವೆಂದು ನಾವು ಹುಡುಗಿಯರು ನಮ್ಮೊಳಗೇ ತೀರ್ಮಾನಿಸಿಕೊಂಡಿದ್ದೆವು.

ಅಷ್ಟರಲ್ಲಿ ನನಗೆ ವಿಷಮಶೀತ ಜ್ವರ ಹಿಡಿಯಿತು. ಕೂದಲು ಹಿಡಿಹಿಡಿಯಾಗಿ ಉದುರಿ, ಉಳಿದದ್ದನ್ನು ಅಜ್ಜಿ ಬೋಳಿಸಿಬಿಟ್ಟಳು. ನೋಡಲು ಬಂದ ಸುಗುಣಳನ್ನು ಕೂರಿಸಿಕೊಂಡು ಶಾಲೆಯಲ್ಲಿ ಏನಾಯಿತೆಂದು ಕೇಳಿದಳು. ಸುಗುಣ ಎಲ್ಲವನ್ನೂ ರಾಗಸಮೇತ ಹೇಳಿಬಿಟ್ಟಳು.

"ಸಂತೇಲಿ ದನ ನಿಲ್ಲಿಸ್ದ ಹಾಗೆ ನಿಲ್ಲಿಸಿ ಅಳೀತಾಳಾ ಅವಳು, ನನ್ನ ಮೊಮ್ಮಗಳನ್ನ?" ಎಂದಳು ಅಜ್ಜಿ.

ಟೀಚರ ಕಣ್ಣು ಬಿದ್ದೇ ಜ್ವರ ಬಂತೆಂಬ ಮಾತು ಬೀದಿಯಿಂದ ಬೀದಿಗೆ ಹರಡಿತು. ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು.

"ಸೋಮವಾರ ಇನ್ಸ್‌ಪೆಕ್ಟರು ಬರ್ತಾರಂತೆ ಕಣೇ," ಮತ್ತೊಮ್ಮೆ ನೋಡಲು ಬಂದ ಸುಗುಣ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಬೆಂಚು ಖಾಲಿ ಇದ್ರೆ ಹುಡುಗೀರ ಕ್ಲಾಸನ್ನೇ ಮುಚ್ಚಿಬಿಡ್ತಾರಂತೆ."

ಊರಿನಲ್ಲಿ ಹುಡುಗಿಯರಿಗೆ ಬೇರೆ ಹೈಸ್ಕೂಲು ಇರಲಿಲ್ಲ. ಅಪ್ಪ ಮೊದಲೇ ಹೇಳಿದ್ದರು: "ಕ್ಲಾಸ್ ನಡೆಯೋವರೆಗೂ ಓದು. ನಿಂತ್ರೆ ಗಂಡಿನ ಕಡೆಯವರನ್ನ ಬರಹೇಳ್ತೀನಿ." ನಾನು ಗೋಡೆಯ ಕಡೆ ತಿರುಗಿ, ಕಂಬಳಿಯ ಅಂಚನ್ನು ಕಚ್ಚಿಕೊಂಡು ಮಲಗಿದೆ. ಏಳಲು ಹೋದರೆ ಕಾಲುಗಳು ನನ್ನವಲ್ಲವೆನ್ನಿಸುತ್ತಿತ್ತು. ಅಷ್ಟು ದಿಕ್ಕುಗೆಟ್ಟ ದಿನಗಳನ್ನು ಆಮೇಲೆ ನಾನು ಕಾಣಲಿಲ್ಲ.

ಶನಿವಾರ ಸಂಜೆ ಟೀಚರು ಎರಡು ಮೂಸಂಬಿ ಹಿಡಿದುಕೊಂಡು ಬಂದರು. ಅಜ್ಜಿ ಅವರನ್ನು ಜಗಲಿಯಲ್ಲೇ ನಿಲ್ಲಿಸಿದಳು.

"ಬಂದಿದ್ದು ಒಳ್ಳೇದಾಯ್ತು ಟೀಚರಮ್ಮ. ಕಣ್ಣು ಹಾಕಿದವರ ಕಾಲಡಿ ಮಣ್ಣು ಬೇಕಿತ್ತು. ಸುಗುಣಂಗೆ ತಾ ಅಂದ್ರೆ ಹೆದರ್ಕೊಂಡು ಬರಿಗೈಲಿ ಬಂದ್ಲು."

ಒಳಗೆ ಮಲಗಿದ್ದ ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಟೀಚರ ಮುಖ ಕೆಂಪಾದದ್ದು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಆಮೇಲೆ ಚಪ್ಪಲಿ ಬಿಟ್ಟು ಅಂಗಳಕ್ಕಿಳಿದು, ಬರಿಗಾಲನ್ನು ಮಣ್ಣಿನಲ್ಲಿ ಒತ್ತಿ, ಪಕ್ಕಕ್ಕೆ ಸರಿದರು.

"ತಗೊಳ್ಳಿ ಅಮ್ಮ. ಎಷ್ಟು ಬೇಕೋ ಅಷ್ಟು ತಗೊಳ್ಳಿ. ಆದ್ರೆ ಅವಳು ಎದ್ದು ಓಡಾಡೋ ಹಾಗಾದ ಕೂಡಲೇ ಸ್ಕೂಲಿಗೆ ಕಳಿಸಿಕೊಡಿ."

ಅಜ್ಜಿ ಇದನ್ನು ನಿರೀಕ್ಷಿಸಿರಲಿಲ್ಲ. ಮಣ್ಣಿಗೆ ಉಪ್ಪು, ಮೆಣಸಿನಕಾಯಿ ಸೇರಿಸಿ ನನಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಆ ಘಾಟಿನಲ್ಲಿ ಟೀಚರು ಕೆಮ್ಮುತ್ತಲೇ ನನ್ನ ಹಾಸಿಗೆಯ ಪಕ್ಕ ಕೂತು, ನನ್ನ ಬೋಳುತಲೆಯ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಹೊರಡುವಾಗ ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟಳು, ಲೋಟದಲ್ಲಿ ಕರಿಬೇವು ತೇಲುತ್ತಿತ್ತು. "ಇನ್ಮೇಲೆ ಮಕ್ಕಳನ್ನ ಅಳೀಬೇಡಿ," ಎಂದಳು. ಟೀಚರು ತಲೆಯಾಡಿಸಿದರು.

ಆ ಹೊತ್ತಿಗೆ ಜ್ವರವೂ ಇಳಿಮುಖವಾಗಿತ್ತು. ಸೋಮವಾರ ಅಜ್ಜಿಯೇ ನನ್ನ ತೋಳು ಹಿಡಿದು ಶಾಲೆಗೆ ನಡೆಸಿದಳು. ದಾರಿಯಲ್ಲಿ ಸಿಕ್ಕ ಮನೆಗಳ ಮುಂದೆಲ್ಲ ನಿಂತು, "ಸಾಯೋ ಹಾಗಿದ್ದ ನನ್ನ ಹುಡುಗೀನೇ ಹೋಗ್ತಿದ್ದಾಳೆ, ನಿನ್ನ ಮಗಳಿಗೇನೇ ಧಾಡಿ?" ಎಂದು ಕೇಳಿದಳು. ಕೆಲವರಷ್ಟೇ ಮಗಳನ್ನು ಕಳಿಸಿದರು, ಅರ್ಧ ಬೆಂಚುಗಳು ಮಾತ್ರ ತುಂಬಿದವು. ಅಜ್ಜಿ ಹೊರಗೆ ಬಾಗಿಲ ಬಳಿ ಕುಳಿತಳು.

ಇನ್ಸ್‌ಪೆಕ್ಟರು ಖಾಲಿ ಬೆಂಚುಗಳನ್ನು ನೋಡಿದರು. ಪುಸ್ತಕ ತೆರೆದು, ಪಾಠ ನೋಡಿ, ಮುಚ್ಚಿದರು. "ಹೂ ಈಸ್ ದ ಟಾಲೆಸ್ಟ್ ಗರ್ಲ್ ಇನ್ ದಿಸ್ ಕ್ಲಾಸ್?"

ಯಾರೂ ಬಾಯಿ ಬಿಡಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು. ಆದರೆ ಜ್ವರದಿಂದ ಈಗಷ್ಟೇ ಎದ್ದವಳ ಮೇಲೆ ಮತ್ತೆ ಆ ಮಾತು ಹಾಕುವವರು ಯಾರು? ಸುಗುಣ ನೆಲ ನೋಡಿದಳು. ಟೀಚರ ತುಟಿ ಅಲುಗಿತು, ಕಣ್ಣು ಬಾಗಿಲ ಬಳಿಯಿದ್ದ ಅಜ್ಜಿಯ ಕಡೆ ಹೋಯಿತು.

"ಒಂದು ವಾಕ್ಯವೂ ಬರೋದಿಲ್ಲವೇನಮ್ಮ?" ಇನ್ಸ್‌ಪೆಕ್ಟರು ಟೀಚರನ್ನು ಕೇಳಿದರು. "ಮತ್ತೆ ಈ ಕ್ಲಾಸು ಯಾರಿಗೋಸ್ಕರ?" ಅವರು ಪೆನ್ನಿನ ಮುಚ್ಚಳ ತೆಗೆದರು.

ನಾನು ಬೆಂಚು ಹಿಡಿದುಕೊಂಡು ಎದ್ದು ನಿಂತೆ. ಗೋಡೆಯ ಮೇಲೆ ನನ್ನ ನೆರಳೂ ಎದ್ದಿತು, ಜಡೆಯಿಲ್ಲದ ತಲೆ ಹೊತ್ತುಕೊಂಡು. "ಐ ಆಮ್ ದ ಟಾಲೆಸ್ಟ್ ಗರ್ಲ್ ಇನ್ ದಿಸ್ ಕ್ಲಾಸ್, ಸರ್."

ಆಮೇಲೆ ಮುಂದಿನ ಬೆಂಚಿನಿಂದ ಒಬ್ಬಳು, ತಾನೇ ಎಲ್ಲರಿಗಿಂತ ಕುಳ್ಳಿ ಎಂದಳು. ಸುಗುಣ, ತನ್ನ ಜಡೆಯೇ ಎಲ್ಲರಿಗಿಂತ ಉದ್ದ ಎಂದಳು. ಮತ್ತೊಬ್ಬಳು ತಾನೇ ಎಲ್ಲರಿಗಿಂತ ಬೇಗ ಓಡುತ್ತೇನೆಂದಳು. ಯಾರೂ ಇನ್ನೊಬ್ಬರ ಹೆಸರೆತ್ತಲಿಲ್ಲ. ಒಬ್ಬೊಬ್ಬಳೂ ತನ್ನ ಮಾತನ್ನು ತನ್ನ ತಲೆಯ ಮೇಲೇ ಹಾಕಿಕೊಂಡಳು, ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ. ಟೀಚರು ಬೋರ್ಡಿನ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ಸ್‌ಪೆಕ್ಟರು ನಗಲಿಲ್ಲ. "ಇನ್ನೊಂದು ವರ್ಷ ನಡೀಲಿ, ನೋಡೋಣ," ಎಂದು ಹೋದರು.

ಮರಳುವಾಗಲೂ ಅಜ್ಜಿ ನನ್ನ ತೋಳು ಹಿಡಿದಿದ್ದಳು. ಓಣಿಗೆ ತಿರುಗಿದಾಗ, "ಅಲ್ಲಿ ಎದ್ದು ನಿಂತು ಏನಂದೆ?" ಎಂದಳು.

ಬೇರೆ ಏನಾದರೂ ಹೇಳಬಹುದಿತ್ತು. "ಎಲ್ಲರಿಗಿಂತ ನಾನೇ ಎತ್ತರ ಅಂದೆ, ಅಜ್ಜಿ."

ಅವಳು ನಿಂತಳು. ಓಣಿಯ ಗೋಡೆಯಾಚೆಯಿಂದ ಯಾರದೋ ಮನೆಯ ನುಗ್ಗೆಮರ ಇತ್ತ ಚಾಚಿಕೊಂಡಿತ್ತು.

"ಹಾಗಾದ್ರೆ ಆ ಕೊಂಬೆ ಬಗ್ಗಿಸು. ಒಂದಿಷ್ಟು ಸೊಪ್ಪು ಕಿತ್ತುಕೊಂಡು ಹೋಗೋಣ. ನನಗೆ ಎಟುಕಲ್ಲ."

ನಾನು ತುದಿಗಾಲಲ್ಲಿ ನಿಂತು ಕೈಯೆತ್ತಿದೆ. ಎಲೆಗಳು ಬೆರಳಿಗೆ ಸಿಕ್ಕಿ ಸಿಕ್ಕಿ ಜಾರುತ್ತಿದ್ದವು. ನಾನು ಬೀಳದ ಹಾಗೆ ಅಜ್ಜಿ ಹಿಂದಿನಿಂದ ನನ್ನ ಸೊಂಟವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.