ಎರಡು ಶಿವದಾರ

ಆ ರಿಜಿಸ್ಟರ್ ಪಾರ್ಸಲ್ಲು ಬಂದದ್ದು ಅರವತ್ತಮೂರನೆಯ ಇಸವಿಯ ಶ್ರಾವಣದಲ್ಲಿ, ಒಂದು ಸೋಮವಾರ. ಶಿವಪೂಜೆ ಮುಗಿಸಿ ಊರಿನ ಕೋಟೆ ಕೇರಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಪೋಸ್ಟ್‌ಮನ್ ಕರಿಯಣ್ಣ ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಬಂದ.

"ಮೈಸೂರಿಂದ ಬಂದೈತೆ ಮೇಷ್ಟ್ರೇ. ಡಾಕ್ಟ್ರು ಸಾಹೇಬ್ರು ದೊಡ್ಡಪ್ಪನಿಗೆ ಮೈಸೂರುಪಾಕು ಕಳಿಸಿರ್ಬೇಕು. ನನಗೂ ಒಂದು ತುಂಡು ಎತ್ತಿಡಿ ಮಾರಾಯ್ರೆ."

"ಅಂಗೈಯಷ್ಟೂ ಇಲ್ಲ ಇದು. ಇರುವೆಗೂ ಸಾಲಲ್ಲ, ಹೋಗೋ," ಎಂದು ನಗುತ್ತಲೇ ಸಹಿ ಹಾಕಿದೆ.

ಹೊಲಿಗೆ ಬಿಚ್ಚಿದರೆ ಒಳಗೆ ಒಗೆದು ಮಡಿಸಿದ ಕರವಸ್ತ್ರ. ಅದರೊಳಗೆ ಬೆಳ್ಳಿಯ ಕರಡಿಗೆ, ಅದಕ್ಕೆ ಕೆಂಪು ರೇಷ್ಮೆಯ ಶಿವದಾರ. ನನ್ನ ತಮ್ಮನ ಮಗ ಕಾಲೇಜಿಗೆ ಹೊರಟ ದಿನ ಅವನ ತಾಯಿಯೇ ಹೊಸೆದು ಕೊರಳಿಗೆ ಹಾಕಿದ್ದ ದಾರ ಅದು. ಕರಡಿಗೆ ತೆರೆದೆ. ಲಿಂಗ ಒಳಗೇ ಇತ್ತು. ನಮ್ಮವರಲ್ಲಿ ಒಮ್ಮೆ ಧರಿಸಿದ ಲಿಂಗವನ್ನು ಉಸಿರಿರುವವರೆಗೂ ಮೈಯಿಂದ ಅಗಲಿಸುವುದಿಲ್ಲ. ಸತ್ತ ಮೇಲೂ ಎಡಗೈಯಲ್ಲಿಟ್ಟೇ ಮಣ್ಣು ಮಾಡುತ್ತೇವೆ. ಬದುಕಿರುವವನು ಅದನ್ನು ಅಂಚೆಯಲ್ಲಿ ಕಳಿಸಿದನೆಂದರೆ ಏನರ್ಥ? ಜೊತೆಗೊಂದು ಚೀಟಿಯಿತ್ತು.

"ದೊಡ್ಡಪ್ಪಾಜಿಯವರಿಗೆ ಶರಣು. ನಿಮ್ಮೆದುರು ಕೊಟ್ಟ ಮಾತು ಹದಿನೇಳನೆಯ ದಿನ ತಪ್ಪಿತು. ಆಮೇಲೆ ದಿನವೂ ತಪ್ಪಿದೆ. ತಪ್ಪಿದವನಿಗೆ ಧರಿಸುವ ಯೋಗ್ಯತೆ ಇಲ್ಲ ಎಂದು ನೀವೇ ಹೇಳಿದ್ದಿರಿ. ಎಲ್ಲಾದರೂ ಇಟ್ಟುಬಿಡಲು ಮನಸ್ಸು ಬರಲಿಲ್ಲ. ಜಯಶೀಲಾಳಿಗೆ ಹೇಳಬೇಡಿ. ಹಾಲಸ್ವಾಮಿ."

ಹಾಲಸ್ವಾಮಿ ನನ್ನ ತಮ್ಮ ಕೊಟ್ರಬಸಪ್ಪನ ಮಗ. ತಮ್ಮ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುವವನು, ಜನ್ನಾಪುರದಲ್ಲಿ ಮನೆ. ಹೆಚ್ಚು ಓದಿದವನಲ್ಲ. ಮಕ್ಕಳ ವಿಷಯ ಏನೇ ಬರಲಿ, "ಅಣ್ಣ ಹೇಳಿದಂಗೆ" ಎನ್ನುವುದು ಅವನ ಅಭ್ಯಾಸ. ಮಿಡ್ಲ್‌ಸ್ಕೂಲಿನ ಹೆಡ್‌ಮಾಸ್ತರನಾಗಿ ನಿವೃತ್ತನಾದ ನನಗೆ ಆ ಮಾತು ಬಹಳ ಹಿಡಿಸುತ್ತಿತ್ತು. ನನಗೆ ಮಕ್ಕಳಿಲ್ಲ. ಹುಡುಗನನ್ನು ಕೋಟೆಯಲ್ಲಿಟ್ಟುಕೊಂಡು ಓದಿಸಿದೆ. ಡಾಕ್ಟರಿಕೆ ಓದಬೇಕೆಂದು ತೀರ್ಮಾನಿಸಿದವನೂ ನಾನೇ. ತನಗೆ ಗಿಡಮರಗಳ ಪಾಠ ಇಷ್ಟ ಎಂದು ಒಮ್ಮೆ ಹೇಳಿದ್ದ. "ಗಿಡ ನೋಡಕ್ಕೆ ತೋಟಗಾರ ಇದಾನೆ," ಎಂದು ಮಾತು ಮುಗಿಸಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಅವನು ಪರೀಕ್ಷೆಯಲ್ಲಿ ಎರಡನೆಯ ಸಲ ನಪಾಸಾಗಿ ಬಂದ. ಬರೆದದ್ದೆಲ್ಲ ಸರಿಯಾಗಿತ್ತು. ಬಾಯಿಪರೀಕ್ಷೆಯಲ್ಲಿ ಒಂದು ಎಲುಬನ್ನು ಕೈಗಿಟ್ಟು ಇದೇನೆಂದು ಕೇಳಿದರಂತೆ. ಗೊತ್ತಿದ್ದ ಹೆಸರು ಬಾಯಿಗೆ ಬರಲಿಲ್ಲವಂತೆ.

ಬಂದವನು ಅಟ್ಟ ಸೇರಿದ. ಓದುತ್ತಿದ್ದಾನೆ ಎಂದುಕೊಂಡೆ. ಒಂದು ಮಧ್ಯಾಹ್ನ ಊಟಕ್ಕೆ ಮೂರು ಸಲ ಕರೆದರೂ ಇಳಿಯದಿದ್ದಾಗ ಮೇಲೆ ಹತ್ತಿದೆ. ಚಾಪೆಯ ಮೇಲೆ ಇಸ್ಪೀಟಿನ ಎಲೆಗಳನ್ನು ಏಳು ಸಾಲಾಗಿ ಹರಡಿಕೊಂಡು ಒಬ್ಬನೇ ಕುಳಿತಿದ್ದ.

"ಏನೋ ಇದು?"

"ಒಬ್ಬನೇ ಆಡೋ ಆಟ ದೊಡ್ಡಪ್ಪಾಜಿ. ಎಲೆ ಎಲ್ಲಾ ಸರಿಯಾಗಿ ಜೋಡಿಸಿಕೊಂಡ್ರೆ ಗೆದ್ದಂಗೆ."

"ಯಾರ ಮೇಲೆ ಗೆದ್ದಂಗೆ?"

ಅವನು ಮುಂದಿನ ಎಲೆ ತಿರುವಿದ. "ಇದೊಂದು. ಇದು ಕೂಡಿ ಬಂದ್ರೆ ಓದಕ್ಕೆ ಕೂರ್ತೀನಿ," ಎಂದ.

ಕೂಡಿ ಬರಲಿಲ್ಲ. ಇನ್ನೊಂದು ಹಾಕಿದ. ಅದು ಕೂಡಿ ಬಂತು. ಆಗಲೂ ಪುಸ್ತಕ ತೆಗೆಯಲಿಲ್ಲ. ಎರಡು ಸಲ ಸಾಲಾಗಿ ಬಂದರೆ ಈ ಬಾರಿ ಪಾಸಾಗುತ್ತೇನೆ ಎಂದು ಗೊಣಗುತ್ತ ಮತ್ತೆ ಎಲೆ ಕಲೆಸಿದ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹೀಗೆಯೇ ನಡೆಯಿತು. ಎಲೆ ಉಜ್ಜಿ ಬೆರಳ ತುದಿಗಳು ಕಪ್ಪಾಗಿದ್ದವು. ಎಲೆ ಕಿತ್ತುಕೊಂಡು ಒಲೆಗೆ ಹಾಕಿದೆ. ಮರುದಿನ ಹಳೆಯ ಪುಸ್ತಕದ ರಟ್ಟು ಕತ್ತರಿಸಿ, ಮಸಿಯಲ್ಲಿ ಗುರುತು ಬರೆದು ಆಡುತ್ತಿದ್ದ.

ಜೂಜೆಂದು ತಿಳಿದು ಅವನ ಟ್ರಂಕು ಶೋಧಿಸಿದೆ. ಕಾಸು ಕಳೆದಿರಲಿಲ್ಲ. ಕೆಟ್ಟ ಸಹವಾಸ ಎನ್ನೋಣವೆಂದರೆ ಜೊತೆಯಲ್ಲಿ ನರಪಿಳ್ಳೆಯಿಲ್ಲ. ಇದು ಯಾವ ಜಾತಿಯ ಚಟವೆಂದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ಸೊಕ್ಕು ಎಂದು ಕರೆಯುವುದು ನಲವತ್ತು ವರ್ಷದ ಮೇಷ್ಟರಿಕೆ ನನಗೆ ಕಲಿಸಿದ್ದ ವಿದ್ಯೆ.

ಕೊಟ್ರಬಸಪ್ಪ ಮಗನನ್ನು ನೋಡಿ ಹೆದರಿದ. ಅವನ ಒತ್ತಾಯಕ್ಕೆ ಭದ್ರಾವತಿಯ ಹಳೇ ಊರಿನಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ನರಸಿಂಹಮೂರ್ತಿಗಳ ಬಳಿ ಹೋದೆವು. ಅವರು ಹುಡುಗನೊಡನೆ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರು. ಆಮೇಲೆ ನಮ್ಮಿಬ್ಬರನ್ನು ಕರೆದರು.

"ಇದು ಮನಸ್ಸಿನ ಕಾಯಿಲೆ. ಓದಿನ ಹೆದರಿಕೆ ಒಳಗೆ ಹೊಕ್ಕಿದೆ. ಎಲೆ ಹಿಡಿದಾಗ ಮಾತ್ರ ಅದು ಸುಮ್ಮನಿರುತ್ತೆ, ಅದಕ್ಕೇ ಹುಡುಗನಿಗೆ ಬಿಡಕ್ಕಾಗ್ತಿಲ್ಲ. ಒಂದು ವರ್ಷ ಓದು ನಿಲ್ಲಿಸಿ. ಬೆಂಗಳೂರಲ್ಲಿ ಇದನ್ನ ನೋಡೋರಿದಾರೆ, ಕಾಗದ ಕೊಡ್ತೀನಿ."

"ಹುಚ್ಚಾಸ್ಪತ್ರೆಗಾ?" ಎಂದೆ.

"ಆಸ್ಪತ್ರೆಗೆ."

ಹುಡುಗನ ತಂಗಿ ಜಯಶೀಲಾಳಿಗೆ ಕೋಟೆಯ ಜವಳಿ ವ್ಯಾಪಾರದ ಮನೆತನದಿಂದ ಸಂಬಂಧ ಬಂದಿತ್ತು. ಅಣ್ಣನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಹಬ್ಬಿದರೆ ಯಾರು ಹೆಣ್ಣು ತೆಗೆದುಕೊಳ್ಳುತ್ತಾರೆ?

"ನಮ್ಮ ವಂಶದಲ್ಲಿ ಹುಚ್ಚರಿಲ್ಲ ಡಾಕ್ಟ್ರೇ. ಲಿಂಗ ಮುಟ್ಟಿಸಿ ಪ್ರಮಾಣ ಮಾಡಿಸ್ತೀನಿ. ಬಿಡ್ತಾನೆ."

"ಮೇಷ್ಟ್ರೇ, ಹುಡುಗನಿಗೆ ಟೈಫಾಯ್ಡ್ ಬಂದಿದ್ರೆ ಜ್ವರಕ್ಕೂ ಪ್ರಮಾಣ ಮಾಡಿಸ್ತಿದ್ರಾ?"

ತಮ್ಮ ನನ್ನ ಮುಖ ನೋಡಿದ. ನಾನು ಎದ್ದೆ. ಅವನೂ ಎದ್ದ. ಡಾಕ್ಟರು ಬರೆಯತೊಡಗಿದ್ದ ಕಾಗದ ಮೇಜಿನ ಮೇಲೆಯೇ ಉಳಿಯಿತು.

ಹುಡುಗ ಮೈಸೂರಿಗೆ ಹೊರಡುವ ಬೆಳಿಗ್ಗೆ ಸ್ನಾನ ಮಾಡಿಸಿ ಪೂಜೆಗೆ ಕೂರಿಸಿದೆ. ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು, ನಾನು ಹೇಳಿಕೊಟ್ಟಂತೆ ಹೇಳಿದ: ಇನ್ನು ಎಲೆ ಮುಟ್ಟುವುದಿಲ್ಲ.

"ತಪ್ಪಿದ್ರೆ, ದೊಡ್ಡಪ್ಪಾಜಿ?"

"ತಪ್ಪಲ್ಲ ನೀನು."

"ಅಕಸ್ಮಾತ್ ತಪ್ಪಿದ್ರೆ?"

ಅವನಿಗೆ ಬೇಕಾಗಿದ್ದ ಉತ್ತರ ಯಾವುದೆಂದು ಈಗ ಗೊತ್ತು. ತಪ್ಪಿದರೆ ಮನೆಗೆ ಬಾ, ಮಗನೇ, ಎನ್ನಬೇಕಾಗಿತ್ತು. ನಾನು ತರಗತಿಯಲ್ಲಿ ನಿಂತವನಂತೆ ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ಲಿಂಗದ ಮೇಲೆ ಆಡಿದ ಮಾತು ತಪ್ಪಿದವನಿಗೆ ಅದನ್ನ ಧರಿಸೋ ಯೋಗ್ಯತೆ ಇಲ್ಲ. ಲಿಂಗ ಬಿಟ್ಟವನು ಇದ್ದೂ ಸತ್ತಂಗೆ."

ಅವನು ನನ್ನ ಕಾಲಿಗೆ ಬಿದ್ದು ಹೊರಟ.

ಈ ಎಲ್ಲವೂ ಆ ಸೋಮವಾರ ಜಗಲಿಯ ಮೇಲೆ ಒಂದೇ ಉಸಿರಿಗೆ ನೆನಪಾಯಿತು. ಲಿಂಗವನ್ನು ಚೀಲದಲ್ಲಿ ಒಯ್ಯಬಾರದೆಂದು ನನ್ನ ಕೊರಳಿಗೇ ಹಾಕಿಕೊಂಡು, ಮೇಲೆ ಕೋಟು ತೊಟ್ಟು ಭದ್ರಾವತಿಯ ಬಸ್ಸು ಹತ್ತಿದೆ. ತಮ್ಮನನ್ನು ಕರೆದುಕೊಂಡು ಅಂದೇ ಮೈಸೂರಿಗೆ ಹೊರಡುವುದು, ಹುಡುಗನನ್ನು ಮನೆಗೆ ತರುವುದು, ಬೆಂಗಳೂರಿಗೂ ಹೋಗುವುದು, ಜಯಶೀಲಾಳ ಸಂಬಂಧ ತಪ್ಪಿದರೆ ತಪ್ಪಲಿ ಎಂದುಕೊಂಡೆ. ಬಸ್ಸಿನಲ್ಲಿ ಕಿಕ್ಕಿರಿದ ಜನ, ಸೆಕೆ. ಕೋಟಿನ ಗುಂಡಿ ಬಿಚ್ಚಿ ಗಾಳಿಗೆ ಮುಖ ಒಡ್ಡಿದೆ. ದಾರಿಯುದ್ದಕ್ಕೂ ಪಂಚಾಕ್ಷರಿ ಜಪಿಸಿದೆ.

ಜನ್ನಾಪುರದಲ್ಲಿ ಇಳಿದಾಗ ತಮ್ಮನ ಬಾಗಿಲ ಮುಂದೆ ಜನ ನಿಂತಿದ್ದರು. ಅವನು ಕಾರ್ಖಾನೆಯ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕುಳಿತಿದ್ದ, ಕೈಯಲ್ಲಿ ಮೈಸೂರಿನಿಂದ ಬಂದ ತಂತಿ. ಹಾಲಸ್ವಾಮಿ ಹೋಗಿಬಿಟ್ಟಿದ್ದ.

ಹೇಗೆಂದು ನಾನಿಲ್ಲಿ ಬರೆಯುವುದಿಲ್ಲ. ಪೊಲೀಸರು ಬರೆದುಕೊಂಡಿದ್ದಾರೆ, ಅಷ್ಟು ಸಾಕು.

ತಮ್ಮನ ಹೆಂಡತಿ ಶಂಕರಮ್ಮ ಅಳುತ್ತಿರಲಿಲ್ಲ. ನನ್ನೆದುರಿಗೆ ಬಂದು ನಿಂತಳು.

"ಭಾವ, ಮಗನ ಮೈಮೇಲೆ ಲಿಂಗ ಇತ್ತಾ?"

"ಇರದೆ ಏನು ತಾಯಿ. ಇತ್ತು."

"ಆಣೆ ಮಾಡಿ ಹೇಳಿ."

ನಾನು ಎದೆಯ ಮೇಲೆ ಕೈಯಿಟ್ಟು "ಲಿಂಗದಾಣೆ, ಇತ್ತು," ಎಂದೆ. ತಾಯಿಯ ಹೊಟ್ಟೆ ತಣ್ಣಗಿರಲೆಂದು ಹೇಳಿದೆ ಎಂದು ಆಗ ಅಂದುಕೊಂಡೆ. ನಿಜವಾಗಿ ನನ್ನ ಮಾತು ನನಗೇ ತಿರುಗಬಾರದೆಂದು ಹೇಳಿದ್ದು.

ಮೈಸೂರಿಗೆ ಹೋಗಿ ದೇಹ ತಂದೆವು. ಭದ್ರಾವತಿಯಲ್ಲಿ ಸಮಾಧಿಗೆ ಕೂರಿಸುವಾಗ ಅಯ್ಯನವರು ಲಿಂಗ ಕೇಳಿದರು. "ಮೈಸೂರಿನಲ್ಲಿ ಪೊಲೀಸರು ತೆಗೆದು ನನ್ನ ಕೈಗೆ ಕೊಟ್ಟಿದ್ದರು," ಎಂದು ಎರಡನೆಯ ಸುಳ್ಳು ಹೇಳಿ, ಅವನ ಅಂಗೈಯಲ್ಲಿ ನಾನೇ ಇಟ್ಟೆ. ಬೆರಳ ತುದಿಗಳು ಇನ್ನೂ ಕಪ್ಪಾಗಿದ್ದವು. ಡಾಕ್ಟರ್ ನರಸಿಂಹಮೂರ್ತಿಗಳು ದೂರದಲ್ಲಿ ನಿಂತಿದ್ದು ಒಂದು ಹಿಡಿ ಮಣ್ಣು ಹಾಕಿ ಹೋದರು. ನನ್ನ ಕಡೆ ನೋಡಲಿಲ್ಲ. ತಿಂಗಳೊಳಗೆ ಜವಳಿಯವರು ಬೇರೆ ಕಡೆ ಹೆಣ್ಣು ಗೊತ್ತುಮಾಡಿಕೊಂಡರು.

ನನಗೆ ಪೂಜೆಗೆ ಕೂರಲಾಗುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ತಡೆಯಲಾರದೆ ಜನ್ನಾಪುರಕ್ಕೆ ಹೋಗಿ, ಅಡಿಗೆಮನೆಯ ಹೊಸಿಲಲ್ಲಿ ಕುಳಿತು ಶಂಕರಮ್ಮನಿಗೆ ಎಲ್ಲ ಹೇಳಿದೆ. ಪಾರ್ಸಲ್ಲು, ಚೀಟಿ, ನಾನಾಡಿದ ಮಾತು. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಭಾವ. ಆವತ್ತು ನಿಮ್ಮ ಕೋಟಿನ ಗುಂಡಿ ಬಿಚ್ಚಿತ್ತು. ಕೊರಳಲ್ಲಿ ಎರಡು ದಾರ ಇದ್ವು. ಕೆಂಪುದಾರ ಹೊಸೆದೋಳು ನಾನು."

"ಮತ್ಯಾಕೆ ಕೇಳಿದೆ, ತಾಯಿ?"

"ನೀವು ಏನಂತೀರೋ ನೋಡನ ಅಂತ." ಮೊರದಿಂದ ಒಂದು ಕಲ್ಲು ತೆಗೆದು ಆಚೆ ಎಸೆದಳು. "ಲಿಂಗದಾಣೆ ಅಂತ ಸುಳ್ಳು ಹೇಳಿದ್ರಿ. ಈಗಲೂ ಕಟ್ಕೊಂಡೇ ಓಡಾಡ್ತಿದ್ದೀರಿ. ಏನಾಯ್ತು ನಿಮಗೆ? ಏನೂ ಆಗ್ಲಿಲ್ಲ. ಆಗೋದೂ ಬೇಡ. ಅವನಿಗೂ ಏನೂ ಆಗ್ತಿರ್ಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಭಾವ."

ಒಳಗೆ ಹೋಗಿ ಕಾಫಿ ತಂದು ನನ್ನ ಮುಂದಿಟ್ಟಳು. ಕುಡಿದು ಎದ್ದೆ. ಮೆಟ್ಟಿಲ ಮೇಲಿದ್ದ ಕೊಟ್ರಬಸಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಣ್ಣ ಹೇಳಿದಂಗೆ ಎಂಬ ಮಾತನ್ನು ಅವನ ಬಾಯಲ್ಲಿ ನಾನು ಮತ್ತೆ ಕೇಳಿಲ್ಲ.

ಮರುದಿನ ಬೆಳಿಗ್ಗೆ ಬಹಳ ದಿನಗಳ ಮೇಲೆ ಪೂಜೆಗೆ ಕುಳಿತೆ. ಶಿವನೇ, ಆ ಮಗು ನಿನ್ನನ್ನು ಬಿಟ್ಟವನಲ್ಲ, ನಾನು ಬಿಡಿಸಿದವನು. ಸುಳ್ಳಾಡಿದ ನನ್ನ ಕೈಯಲ್ಲಿ ನೀನು ಹೇಸದೆ ಕುಳಿತಿದ್ದೀಯೆ. ಮಾತು ಉಳಿಸಿಕೊಳ್ಳಲು ಹದಿನಾರು ದಿನ ಹೆಣಗಿದ ಅವನ ಕೈಯನ್ನೂ ಹಿಡಿದುಕೋ. ಅವನನ್ನು ಏನೂ ಕೇಳಬೇಡ, ಯಾವುದರ ಹೆಸರನ್ನೂ ಹೇಳಿಸಬೇಡ. ಆ ದಣಿದ ಬೆರಳುಗಳಿಗೆ ಇನ್ನಾದರೂ ವಿಶ್ರಾಂತಿ ಕೊಡು, ತಂದೆ. ನಮ್ಮ ಹಾಲಸ್ವಾಮಿಗೆ ಶಾಂತಿ ಕೊಡು.