ಕೈಗುಣಕ್ಕೆ ಪೇಟೆಂಟ್ ಇಲ್ಲ

ನಮ್ಮ ಕಾರ್ಖಾನೆಯಲ್ಲಿ ಆಂಟೆನಾ ತಯಾರಾಗುತ್ತದೆ. ದೊಡ್ಡ ತಟ್ಟೆ, ಅದರ ಬೆನ್ನಿಗೆ ಗೇಣುದ್ದದ ಚೌಕ ತಾಮ್ರದ ಕೊಳವೆ. ಆಕಾಶದಿಂದ ಬಂದ ಅಲೆ ಅದರೊಳಗೆ ಹಾದುಹೋಗಬೇಕು. ಕೊಳವೆಗೆ ಬೆಸುಗೆ ಬೀಳುವುದು ಕುಲುಮೆಯಲ್ಲಿ. ಅಲ್ಲಿಂದ ಹೊರಬರುವಾಗ ಪ್ರತಿಯೊಂದೂ ಕೂದಲೆಳೆಯಷ್ಟು ಸೊಟ್ಟಗಾಗಿರುತ್ತದೆ. ಅಷ್ಟಕ್ಕೇ ಅಲೆ ಮುನಿಸಿಕೊಂಡು ಹಿಂದಕ್ಕೆ ಹೊರಡುತ್ತದೆ. ಅಂಥ ಕೊಳವೆಯನ್ನು ನಮ್ಮತ್ತೆ ಪುಟ್ಟ ಸುತ್ತಿಗೆಯಿಂದ ನಾಲ್ಕಾರು ಕಡೆ ತಟ್ಟುತ್ತಾರೆ, ಹಿಂದಿರುಗುವ ಅಲೆಯನ್ನು ಅಳೆಯುವ ಯಂತ್ರದ ಪರದೆಯ ಮೇಲಿನ ಗೆರೆ ಜರ್ರನೆ ಇಳಿದು ಕೆಂಪು ಗುರುತಿನ ಕೆಳಗೆ ಮಲಗುತ್ತದೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಾನು ಅದೇ ಕಾರ್ಖಾನೆಗೆ ಪೇಟೆಂಟ್ ಅರ್ಜಿ ಬರೆಯುವವಳು. ಈ ಉಪಾಯಕ್ಕೆ ಅತ್ತೆಯ ಹೆಸರಲ್ಲಿ ಪೇಟೆಂಟ್ ಆಗಲೇಬೇಕೆಂದು ಹಟ ಹಿಡಿದವಳೂ ನಾನೇ. ಅತ್ತೆಯ ಬಲಗೈ ನಡುಗಲು ಶುರುವಾಗಿತ್ತು. ತಿಂಗಳ ಕೊನೆಗೆ ಕೆಲಸ ಬಿಡುವವರಿದ್ದರು. ಅವರ ಹಿಂದೆಯೇ ಈ ವಿದ್ಯೆಯೂ ಹೋಗಿಬಿಡುತ್ತಿತ್ತು. ಪೇಟೆಂಟಿಗೋ ಒಂದು ಕಟ್ಟುನಿಟ್ಟಿನ ನಿಯಮ: ಬರೆದದ್ದನ್ನು ಓದಿ, ಕಸುಬು ಬಲ್ಲ ಇನ್ನೊಬ್ಬರು ಅದನ್ನೇ ಮಾಡುವಂತಿರಬೇಕು.

“ಎಲ್ಲಿ ತಟ್ಟಬೇಕು ಅಂತ ಹೇಗೆ ಗೊತ್ತಾಗತ್ತೆ, ಅತ್ತೆ?”

“ಕೈಗೆ ಬಂದಾಗ ಗೊತ್ತಾಗತ್ತೆ.”

“ಬಂದಾಗ ಗೊತ್ತಾಗೋದು ಸೀನು. ನೀವು ಹೇಳ್ತಿರೋದು ಕೈಗುಣ. ಕೈಗುಣಕ್ಕೆ ಪೇಟೆಂಟ್ ಕೊಡಲ್ಲ.”

“ಕೊಡದಿದ್ರೆ ಬಿಡು. ನಾನೇನು ಕೇಳಿದ್ನಾ?”

ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡು ವಾರ ಕಾರ್ಖಾನೆಯಲ್ಲಿ ಜಗಳ, ಮನೆಯಲ್ಲಿ ಮೌನ. ನನ್ನ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದ. ಸಿಟ್ಟಿನಲ್ಲೇ ಏನೋ ಬರೆದೆ. ಅದನ್ನು ಓದಿಕೊಂಡು ಪಕ್ಕದ ವಿಭಾಗದ ಬೆಸುಗೆಯವನು ಮೂರು ಕೊಳವೆ ಹಾಳು ಮಾಡಿದ.

ಕೇಳುವುದನ್ನು ಬಿಟ್ಟು ಸುಮ್ಮನೆ ಅತ್ತೆಯ ಎದುರು ಕೂತೆ. ಆಗ ಕಂಡಿತು. ಸುತ್ತಿಗೆ ಎತ್ತುವ ಮೊದಲು ಅವರು ಪ್ರತಿ ಸಲವೂ ಕೊಳವೆಯನ್ನು ಕಿಟಕಿಯ ಬೆಳಕಿನಲ್ಲಿ ಒಂದು ಸುತ್ತು ತಿರುಗಿಸುತ್ತಿದ್ದರು. ನಾನೂ ತಿರುಗಿಸಿದೆ. ಒಂದು ಮಗ್ಗುಲಲ್ಲಿ ತೆಳುವಾದ ಕೆನ್ನೇರಳೆ ಛಾಯೆ ಇತ್ತು. ಕುಲುಮೆಯ ಬಾಗಿಲ ಕಡೆಗಿದ್ದು ಬೇಗ ಆರಿದ ಮಗ್ಗುಲು ಅದು. ಛಾಯೆ ಎಲ್ಲಿ ಮುಗಿಯುವುದೋ ಅಲ್ಲೇ ತಾಮ್ರ ಉಬ್ಬಿತ್ತು, ಅತ್ತೆಯ ಸುತ್ತಿಗೆ ಬೀಳುತ್ತಿದ್ದುದೂ ಅಲ್ಲೇ. ಕುಲುಮೆ ತಾನು ಮಾಡಿದ ತಪ್ಪಿಗೆ ತಾನೇ ಗುರುತು ಹಾಕಿ ಕಳಿಸುತ್ತಿತ್ತು. ಅಷ್ಟು ಜನರ ಕೈ ದಾಟಿ ಬಂದ ಆ ಗುರುತನ್ನು ಇವರೊಬ್ಬರೇ ಓದುತ್ತಿದ್ದರು, ಓದುತ್ತಿದ್ದೇನೆಂದು ಇವರಿಗೇ ತಿಳಿದಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಛಾಯೆಯ ಅಂಚು, ಸುತ್ತಿಗೆಯ ತೂಕ, ತಟ್ಟಿದಲ್ಲಿ ಬೀಳುವ ತಗ್ಗಿನ ಆಳ, ಎಲ್ಲ ಅಳೆದು ಹೊಸದಾಗಿ ಬರೆದೆ. ಬೆಸುಗೆಯವನನ್ನು ಮತ್ತೆ ಕರೆಸಿದೆವು. ಅತ್ತೆ ಕೈಕಟ್ಟಿಕೊಂಡು ದೂರ ನಿಂತರು. ಅವನು ಓದಿದ, ತಿರುಗಿಸಿದ, ಉಸಿರು ಬಿಗಿಹಿಡಿದು ತಟ್ಟಿದ. ಐದನೆಯ ಪೆಟ್ಟು ಬಿದ್ದಾಗ ಗೆರೆ ಇಳಿದು ಮಲಗಿತು. ಅತ್ತೆ ಪರದೆಯ ಹತ್ತಿರ ಹೋಗಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಆವಿಷ್ಕಾರ ಮಾಡಿದವರ ಹೆಸರು ಬರೆಯುವ ಜಾಗ ಬಂದಾಗ ಅತ್ತೆ ನನ್ನ ಕೈ ತಡೆದರು.

“ನಿನ್ನ ಹೆಸರೂ ಹಾಕು. ಆ ಬಣ್ಣ ನೋಡಿದೋಳು ನೀನು.”

“ಇಲ್ಲ ಅತ್ತೆ. ಬಣ್ಣ ನೋಡಿದ್ದು ನೀವು. ನಾನು ನೋಡಿದ್ದು ನಿಮ್ಮನ್ನ.”

ಅತ್ತೆ ಅರ್ಜಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಮೂವತ್ತು ವರ್ಷ ಆಯ್ತು ಕಣೆ, ಯಾರೂ ನೋಡಿರಲಿಲ್ಲ,” ಎಂದು ಸಹಿ ಹಾಕಲು ಪೆನ್ನಿಗೆ ಕೈ ಚಾಚಿದರು.