ಕೆಳಗಿಳಿದ ಕಾಲಾಳು

ನಾನು ಒಂದು ಪ್ರಿಂಟರ್. ಕಪ್ಪು ಬಿಟ್ಟು ಬೇರೆ ಬಣ್ಣ ನನಗೆ ಗೊತ್ತಿಲ್ಲ. ಹುಟ್ಟಿದ ಕಾರ್ಖಾನೆಯ ಹೆಸರು ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿತ್ತು. ಅದು ಎಂದೋ ಉದುರಿಹೋಯಿತು. ಗದಗಿನ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಕರಡು ತೆಗೆಯುತ್ತ ನನ್ನ ಯೌವನ ಕಳೆಯಿತು. ಅಲ್ಲಿಗೆ ಹೊಸ ಯಂತ್ರ ಬಂದ ಮೇಲೆ ನನ್ನನ್ನು ಊರಿನ ಚದುರಂಗ ಕ್ಲಬ್ಬಿಗೆ ಕೊಟ್ಟರು.

ಕ್ಲಬ್ಬೆಂದರೆ ಒಂದೇ ಕೋಣೆ. ನಡೆಸುತ್ತಿದ್ದವರು ನಿವೃತ್ತ ಅಂಚೆ ನೌಕರ ಸೋಮಲಿಂಗಪ್ಪ ಮುಳಗುಂದ. ಅವರು ಕಂಪ್ಯೂಟರಿನ ಚದುರಂಗ ತಂತ್ರಾಂಶದಲ್ಲಿ ಕಾಯಿಗಳನ್ನು ಜೋಡಿಸಿ ಅಪ್ಪಣೆ ಕೊಟ್ಟರೆ, ನಾನು ಅರವತ್ನಾಲ್ಕು ಮನೆಗಳ ಚಿತ್ರ ಹೊರಹಾಕಬೇಕು. ಮೊದಲ ದಿನ ಆನೆ, ಕುದುರೆಗಳ ಬದಲು ಬರೀ ಇಂಗ್ಲಿಷ್ ಅಕ್ಷರಗಳು ಬಂದವು. ಕಾಯಿಗಳ ಫಾಂಟ್ ಹಾಕಿರಲಿಲ್ಲವಂತೆ.

"ಎಲಾ ಇದರ! ಸೈನ್ಯ ಕೇಳಿದ್ರ ಅಂಕಲಿಪಿ ಕೊಡ್ತೈತಿ" ಎಂದು ಅವರು ನಕ್ಕರು.

ನನಗಿದ್ದದ್ದು ಒಂದೇ ಕುತೂಹಲ. ಪರದೆಯ ಮೇಲೆ ಕಾಯಿಗಳು ಓಡಾಡುತ್ತವೆ. ನನ್ನ ಹಾಳೆಯ ಮೇಲೆ ನಿಂತೇ ಇರುತ್ತವೆ. ಮುಂದೆ ಏನಾಯಿತು? ಹಾಳೆ ಹೊರಗೆ ಹೋದ ಮೇಲೆ ಅದು ನನಗೆ ತಿಳಿಯುತ್ತಿರಲಿಲ್ಲ. ಒಂದು ಆಟದ್ದು ಮಾತ್ರ ತಿಳಿಯಿತು.

ಸೋಮಲಿಂಗಪ್ಪನವರ ಗೆಳೆಯ ದಾವಲಸಾಬ ನದಾಫರಿಗೆ ಪಾರ್ಶ್ವವಾಯು ಬಡಿದು ಬಲಗೈ, ಮಾತು ಎರಡೂ ಹೋದವು. ಅವರಿಬ್ಬರ ಒಂದು ಆಟ ಅರ್ಧಕ್ಕೆ ನಿಂತಿತ್ತು. ಸೋಮಲಿಂಗಪ್ಪ ದಿನವೂ ಬಿಳಿಯ ಒಂದು ನಡೆ ನಡೆಸಿ, ಚಿತ್ರವನ್ನು ನನ್ನಿಂದ ಮುದ್ರಿಸಿ ಅವರ ಮನೆಗೆ ಕಳಿಸತೊಡಗಿದರು. ದಾವಲಸಾಬರದು ಕಪ್ಪು. ಆ ಪಡೆ ಹಾಳೆಯ ಕೆಳಗಡೆ ಬರುವಂತೆ, ಪರದೆಯ ಮೇಲೆ ಬೋರ್ಡು ತಿರುಗಿಸಿಯೇ ಮುದ್ರಿಸಬೇಕು. ಅವರು ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ತಮ್ಮ ನಡೆಗೆ ಬಾಣದ ಗುರುತು ಎಳೆಯುತ್ತಿದ್ದರು. ಹಾಳೆ ವಾಪಸು ತರುತ್ತಿದ್ದವಳು ಮಗಳು ಹಸೀನಾ. ತಂದೆಯ ಬುದ್ಧಿ ಉಳಿದಿದೆ ಎನ್ನಲು ಅವಳಿಗಿದ್ದ ಸಾಕ್ಷಿ ಆ ಬಾಣವೊಂದೇ.

ಒಂದು ಸಂಜೆ ಅವಳು ಹಾಳೆಯನ್ನು ನನ್ನ ಮುಚ್ಚಳದ ಮೇಲಿಟ್ಟು ನಿಂತೇ ಇದ್ದಳು.

"ಕಾಕಾ, ಇನ್ನ ಸಾಕು ಬಿಡ್ರಿ ಈ ಆಟ."

"ಯಾಕವಾ? ನಿಮ್ಮಪ್ಪ ಸೋಲು ಒಪ್ಪಿದ್ನೇನು?"

"ಪ್ಯಾದಿ ಮ್ಯಾಲ ಹೋಗ್ತೈತಿ, ಹಿಂದ ಬರಂಗಿಲ್ಲ ಅಂತ ನೀವ ಹೇಳಿದ್ರಿ. ನೋಡ್ರಿಲ್ಲೆ, ಅಬ್ಬಾ ಕೆಳಗ ತಂದಾರ. ಅಣ್ಣ ಅಂದಿದ್ದ ಖರೆ ಆತು. ಅವರಿಗೆ ಏನೂ ತಿಳ್ಯಾಕತ್ತಿಲ್ಲ. ಡಾಕ್ಟರ್ ಹೇಳಿದ ಕೈಕಾಲಿನ ವ್ಯಾಯಾಮನೂ ಬಿಡಿಸ್ತೀನಿ ಅಂತಾನ."

ಸೋಮಲಿಂಗಪ್ಪ ಹಾಳೆ ನೋಡಿದರು. ಪರದೆ ನೋಡಿದರು. ಮತ್ತೆ ಹಾಳೆಗೆ ಬಂದರು. ಹಿಂದಿನ ದಿನ ತಮ್ಮ ನಡೆ ಯೋಚಿಸಲೆಂದು ಬೋರ್ಡನ್ನು ಬಿಳಿಯ ಕಡೆಗೆ ತಿರುಗಿಸಿಕೊಂಡವರು, ಮುದ್ರಿಸುವಾಗ ಮರಳಿ ತಿರುಗಿಸಲು ಮರೆತಿದ್ದರು. ಚಿತ್ರ ದೊಡ್ಡದಾಗಲೆಂದು ಅಂಚಿನ ಅಂಕಿ, ಅಕ್ಷರಗಳನ್ನು ಮೊದಲೇ ತೆಗೆಸಿದ್ದರು. ಆ ಹಾಳೆಯಲ್ಲಿ ಕಪ್ಪು ಪ್ಯಾದಿ, ಅಂದರೆ ಕಾಲಾಳು, ಮುಂದೆ ಹೋಗುವುದೆಂದರೆ ಕೆಳಗಿಳಿಯುವುದೇ.

"ಬೋರ್ಡು ತಲೆಕೆಳಗ ಕಳಿಸಿದಾಂವ ನಾನವಾ! ಒಂದು ಗುರುತಿಲ್ಲ, ಹೇಳವರಿಲ್ಲ. ಮಲಗಿದಲ್ಲೆ ಅದನ್ನ ಹಿಡದಾನ ನಿಮ್ಮಪ್ಪ. ಹಿಡದು ಸರೀ ದಿಕ್ಕಿಗೇ ನಡೆಸ್ಯಾನ. ತಿಳ್ಯಂಗಿಲ್ಲಂತ ಯಾವ ಶಾಣ್ಯಾ ಅಂದಾಂವ?"

"ಅಂದ್ರ... ಅಬ್ಬಾಗ ಎಲ್ಲಾ ಗೊತ್ತಾಗ್ತೈತಿ?"

"ನನಗಿಂತ ಚಲೋ ಗೊತ್ತಾಗ್ತೈತಿ. ನೋಡಿಲ್ಲೆ, ನನ್ನ ಆನಿ ಸಿಕ್ಕೊಂಡೈತಿ!"

ಹಸೀನಾ ಕಣ್ಣೊರೆಸಿಕೊಂಡು ನಕ್ಕಳು. "ಅಣ್ಣನ್ನ ಕರ್ಕೊಂಡ ಬರ್ತೀನಿ. ಅವನ ಮುಂದ ಇನ್ನೊಮ್ಮೆ ಹಿಂಗ ಹೇಳ್ರಿ."

ಅಣ್ಣ ಬಂದ, ಕೇಳಿದ, ತಲೆ ತಗ್ಗಿಸಿ ಹೋದ. ವ್ಯಾಯಾಮ ನಿಲ್ಲಲಿಲ್ಲ. ಆಟವೂ ನಡೆಯಿತು. ಕೊನೆಯ ಹಾಳೆ ಬಂದಾಗ ಬಿಳಿ ರಾಜನಿಗೆ ಕಾಲಿಡಲು ಮನೆಯಿರಲಿಲ್ಲ. ಸೋತ ಸೋಮಲಿಂಗಪ್ಪ ಪೇಡೆ ತರಿಸಿ ಕ್ಲಬ್ಬಿಗೆಲ್ಲ ಹಂಚಿದರು.

ಈಗ ನನ್ನ ಡ್ರಮ್ ಸವೆದಿದೆ. ಹಾಳೆ ಎಳೆದುಕೊಳ್ಳುವ ಶಕ್ತಿಯಿಲ್ಲ. ಮೂಲೆಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟನ್ನು ಹೊತ್ತು ಕುಳಿತಿದ್ದೇನೆ. ನಾನು ಮುದ್ರಿಸಿದ ಸಾವಿರಾರು ಚಿತ್ರಗಳಲ್ಲಿ ಕಾಯಿಗಳು ಎಲ್ಲಿ ನಿಂತಿವೆ ಎಂಬುದಿತ್ತು. ಆಡುವವನ ಮನಸ್ಸಿನಲ್ಲಿ ಏನಿದೆ ಎಂಬುದು ಯಾವುದರಲ್ಲೂ ಇರಲಿಲ್ಲ. ಅದಕ್ಕೆ ಅವನ ನಡೆಯನ್ನೇ ಕಾಯಬೇಕು.

ಸೋಮಲಿಂಗಪ್ಪನವರಿಗೂ ಈಗ ನನ್ನ ಅಗತ್ಯವಿಲ್ಲ. ಸಂಜೆ ಬಟ್ಟೆಯ ಬೋರ್ಡು ಸುತ್ತಿಕೊಂಡು ಗೆಳೆಯನ ಮನೆಗೇ ಹೋಗುತ್ತಾರೆ. ದಾವಲಸಾಬರಿಗೆ ಮಾತು ಮರಳಿತೋ ಇಲ್ಲವೋ, ನಾನು ಯಾರನ್ನೂ ಕೇಳಲಾರೆ. ಆದರೆ ಇತ್ತೀಚೆಗೆ ಸೋತು ಬಂದ ದಿನ ಸೋಮಲಿಂಗಪ್ಪ ಯಾರಿಗೂ ಪೇಡೆ ಕೊಡುವುದಿಲ್ಲ. ಬೋರ್ಡನ್ನು ಮೇಜಿನ ಮೇಲೆ ಎಸೆದು, "ಮುದುಕ ಬಾಳ ಸೊಕ್ಕ್ಯಾನ" ಎಂದು ಗೊಣಗುತ್ತಾರೆ.